ಎಂಜಿನ್‌ಗಾಗಿ ಕಾದ ವಿಮಾನ: ಕುರ್ಟ್ ಟ್ಯಾಂಕ್ ಅವರ ಬದುಕು

ನಾನು ಆರನೇ ತರಗತಿಯಲ್ಲಿದ್ದಾಗ, 2019ರ ಡಿಸೆಂಬರ್‌ನಲ್ಲಿ, ಸಾದಲಿಯ ನಮ್ಮ ಶಾಲೆಯಿಂದ ಬೆಂಗಳೂರಿಗೆ ಪ್ರವಾಸ ಹೋಗಿದ್ದೆವು. ಕಬ್ಬನ್ ಪಾರ್ಕ್ ನೋಡಿಕೊಂಡು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋದಾಗ, ಹೊರಗೆ ಬಿಸಿಲಲ್ಲಿ ಒಂದು ಯುದ್ಧವಿಮಾನ ನಿಂತಿತ್ತು. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ. ಹೆಸರು ಮಾರುತ. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಇದು ಎಂದು ಮೇಷ್ಟ್ರು ಹೇಳಿದರು. ಇಷ್ಟು ಚೆನ್ನಾಗಿರುವುದನ್ನು ಹಾರಿಸದೆ ಇಲ್ಲೇಕೆ ನಿಲ್ಲಿಸಿದ್ದಾರೆ ಎಂದು ನಾನು ಕೇಳಿದೆ. ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲವಂತೆ ಎಂದರು. ಆ ಮಾತು ಆಗ ನನಗೆ ಅರ್ಥವಾಗಲಿಲ್ಲ.

ಮುಂದಿನ ತಿಂಗಳು, 2020ರ ಜನವರಿ 11ರಂದು, ಟಿವಿಯಲ್ಲಿ ಒಂದು ಸುದ್ದಿ ಬಂತು. ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ ವಿಮಾನ ಸಮುದ್ರದ ನಡುವೆ ಐಎನ್‌ಎಸ್ ವಿಕ್ರಮಾದಿತ್ಯ ಹಡಗಿನ ಮೇಲೆ ಇಳಿದಿತ್ತು. ಓಡಿಬಂದ ವಿಮಾನ ಒಂದು ತಂತಿಗೆ ಸಿಕ್ಕಿ ಗಕ್ಕನೆ ನಿಂತುಬಿಟ್ಟಿತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದೆವು. ನಮ್ಮಣ್ಣ ಮಾತ್ರ ಅದರ ಎಂಜಿನ್ ಯಾರದು ಎಂದು ಕೇಳಿದ. ಅವನು ಸಾದಲಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾನೆ. ಅವನಿಗೆ ಎಲ್ಲದರಲ್ಲೂ ಮೋಟಾರೇ ಕಾಣುತ್ತದೆ ಎಂದು ನಾನು ನಕ್ಕಿದ್ದೆ.

ಈ ಸಂಚಿಕೆಗೆ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಬರೆಯಿರಿ ಎಂದು ಉಪನ್ಯಾಸಕರು ಹೇಳಿದಾಗ ಗೆಳೆಯರಲ್ಲಿ ಹಲವರು ಅಬ್ದುಲ್ ಕಲಾಂ ಅವರನ್ನು ಆರಿಸಿಕೊಂಡರು. ನಾನು ಮಾರುತ ವಿಮಾನವನ್ನು ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್ ಅವರನ್ನು ಆರಿಸಿಕೊಂಡೆ. ಅವರ ಬದುಕನ್ನು ಓದುತ್ತಾ ಹೋದಂತೆ ಮೇಷ್ಟ್ರ ಉತ್ತರವೂ ಅಣ್ಣನ ಪ್ರಶ್ನೆಯೂ ಒಂದೇ ಎಂದು ತಿಳಿಯಿತು.

ಕುರ್ಟ್ ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರುವರಿ 24ರಂದು, ಬ್ರೋಂಬರ್ಗ್ ಎಂಬ ಊರಿನಲ್ಲಿ. ಆಗ ಅದು ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಮನೆತನದವರು ಸೈನಿಕರು. ಮೊದಲ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನದಳಕ್ಕೆ ಸೇರುವ ಆಸೆ. ಆದರೆ ಮನೆತನದ ಪದ್ಧತಿಯಂತೆ ಅಶ್ವದಳಕ್ಕೆ ಸೇರಬೇಕಾಯಿತು. ಕೆಸರು, ಚಳಿ, ಹಸಿವು, ಗುಂಡಿನ ಸುರಿಮಳೆಯ ನಡುವೆ ಕುದುರೆಗಳು ಹೇಗೆ ಬದುಕುತ್ತವೆ, ಯಾವ ಕುದುರೆ ಕೊನೆಯವರೆಗೂ ನಿಲ್ಲುತ್ತದೆ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು. ಈ ಪಾಠ ಮುಂದೆ ವಿಮಾನ ಕಟ್ಟುವಾಗ ಅವರ ಉಪಯೋಗಕ್ಕೆ ಬಂತು.

ಯುದ್ಧ ಮುಗಿದ ಮೇಲೆ ಅವರು ಬರ್ಲಿನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿದರು. ಓದಿದ ವಿಷಯ ವಿದ್ಯುತ್ ಎಂಜಿನಿಯರಿಂಗ್. ಬಿಡುವಿನಲ್ಲಿ ಗ್ಲೈಡರ್ ಕಟ್ಟುವುದು, ಹಾರುವುದು ಕಲಿತರು. ರೋರ್‌ಬಾಖ್ ಎಂಬ ಕಂಪನಿ ಸೇರಿ ನೀರಿನ ಮೇಲೆ ಇಳಿಯುವ ವಿಮಾನಗಳ ವಿನ್ಯಾಸದಲ್ಲಿ ಕೆಲಸ ಮಾಡಿದರು. 1931ರಲ್ಲಿ ಬ್ರೆಮೆನ್ ನಗರದ ಫೋಕೆ-ವುಲ್ಫ್ ಕಂಪನಿಗೆ ಬಂದರು. ಅವರು ಕಾಗದದ ಮೇಲೆ ಗೆರೆ ಎಳೆದು ಸುಮ್ಮನಾಗುವವರಲ್ಲ. ತಾವು ವಿನ್ಯಾಸ ಮಾಡಿದ ವಿಮಾನವನ್ನು ತಾವೇ ಹಾರಿಸಿ ನೋಡುತ್ತಿದ್ದರು. ತಪ್ಪು ಇದ್ದರೆ ಅದು ಮೊದಲು ತಮ್ಮ ಕೈಗೇ ತಿಳಿಯಬೇಕು ಎಂಬುದು ಅವರ ರೀತಿ.

ಅವರ ತಂಡ ಮಾಡಿದ ಕಾಂಡೋರ್ ಎಂಬ ನಾಲ್ಕು ಎಂಜಿನ್‌ಗಳ ಪ್ರಯಾಣಿಕ ವಿಮಾನ 1938ರ ಆಗಸ್ಟ್‌ನಲ್ಲಿ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ಹಾರಿತು. ಜಗತ್ತು ಬೆರಗಾಯಿತು. ಮರುವರ್ಷ, 1939ರ ಜೂನ್ 1ರಂದು, ಅವರ ಅತ್ಯಂತ ಹೆಸರಾದ ಯುದ್ಧವಿಮಾನ ಎಫ್‌ಡಬ್ಲ್ಯು 190 ಮೊದಲ ಬಾರಿಗೆ ಮೇಲೇರಿತು. ಆ ಕಾಲದ ಹೆಚ್ಚಿನ ಯುದ್ಧವಿಮಾನಗಳು ರೇಸಿನ ಕುದುರೆಗಳಂತೆ ಎಂದು ಟ್ಯಾಂಕ್ ಭಾವಿಸಿದ್ದರು. ವೇಗ ಇದೆ, ಆದರೆ ನಾಜೂಕು. ತನಗೆ ಬೇಕಾದದ್ದು ಅಶ್ವದಳದ ಕುದುರೆ ಎಂದು ಅವರು ನಿರ್ಧರಿಸಿದರು. ಕೆಟ್ಟ ನೆಲದಲ್ಲಿ ಇಳಿಯಬೇಕು, ಪೆಟ್ಟು ತಿಂದರೂ ಮರಳಬೇಕು, ಸಾಮಾನ್ಯ ಮೆಕ್ಯಾನಿಕ್ ಕೈಯಲ್ಲೂ ರಿಪೇರಿಯಾಗಬೇಕು. ಅದಕ್ಕಾಗಿ ಚಕ್ರದ ಕಾಲುಗಳನ್ನು ದೂರ ದೂರ ಇಟ್ಟು, ಸಾಮಾನ್ಯಕ್ಕಿಂತ ಬಹಳ ಗಟ್ಟಿಯಾಗಿ ಕಟ್ಟಿಸಿದರು. ಈ ಕಾಲುಗಳ ಮಾತನ್ನು ನೆನಪಿಟ್ಟುಕೊಳ್ಳಿ. ಹಡಗಿನ ಮೇಲೆ ಇಳಿಯುವ ವಿಮಾನದ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಆ ವಿಮಾನಕ್ಕೂ ಎಂಜಿನ್ ತೊಂದರೆ ಕಾಡಿತು. ಮೊದಲು ಕೂರಿಸಿದ ಎಂಜಿನ್ ಎಷ್ಟು ಕಾಯುತ್ತಿತ್ತೆಂದರೆ ಅದರ ಹಿಂದೆ ಕುಳಿತ ಚಾಲಕನ ಕಾಲು ಬೇಯುವಂತಾಗುತ್ತಿತ್ತು. ಕೊನೆಗೆ ಇನ್ನೊಂದು ದೊಡ್ಡ ಎಂಜಿನ್ ಹಾಕಿ, ಚಾಲಕನ ಜಾಗವನ್ನು ಹಿಂದಕ್ಕೆ ಸರಿಸಿ, ಇಡೀ ವಿಮಾನದ ತೂಕವನ್ನು ಹೊಸದಾಗಿ ಹೊಂದಿಸಬೇಕಾಯಿತು. ಜರ್ಮನಿಯಲ್ಲಿ ಎಂಜಿನ್ ಮಾಡುವ ಕಾರ್ಖಾನೆಗಳಿದ್ದವು, ಆದ್ದರಿಂದ ಬದಲಿ ಸಿಕ್ಕಿತು. ಆಮೇಲೆ ಆ ವಿಮಾನ 20,000ಕ್ಕೂ ಹೆಚ್ಚು ತಯಾರಾಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಈ ವಿಮಾನಗಳೆಲ್ಲ ಹಿಟ್ಲರನ ಯುದ್ಧಕ್ಕೆ ದುಡಿದವು. ಪ್ರಯಾಣಿಕರನ್ನು ಒಯ್ಯಲು ಹುಟ್ಟಿದ ಕಾಂಡೋರ್ ಕೂಡ ಅಟ್ಲಾಂಟಿಕ್ ಸಾಗರದಲ್ಲಿ ಸರಕು ಹಡಗುಗಳನ್ನು ಹುಡುಕಿ ಮುಳುಗಿಸುವ ಕೆಲಸಕ್ಕೆ ಇಳಿಯಿತು. ಯುದ್ಧಕಾಲದ ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಬೇರೆ ದೇಶಗಳಿಂದ ಹಿಡಿದು ತಂದ ಜನರನ್ನು ಬಲವಂತವಾಗಿ ದುಡಿಸಲಾಯಿತು. ಟ್ಯಾಂಕ್ ಅವರ ಜಾಣತನವನ್ನು ಮೆಚ್ಚುವಾಗ ಇದನ್ನೂ ಜೊತೆಗೇ ನೆನೆಯಬೇಕು. ಒಳ್ಳೆಯ ಯಂತ್ರ ಮಾಡುವ ವಿದ್ಯೆ ಬೇರೆ, ಆ ಯಂತ್ರ ಯಾರ ಕೈಗೆ ಹೋಗುತ್ತದೆ ಎಂದು ಕೇಳುವ ಮನಸ್ಸು ಬೇರೆ. ಮೊದಲನೆಯದು ಅವರಲ್ಲಿ ಧಾರಾಳವಾಗಿತ್ತು. ಎರಡನೆಯದನ್ನು ನಾವು ಬೇರೆಯವರಿಂದ ಕಲಿಯಬೇಕು.

ಜರ್ಮನಿ ಸೋತ ಮೇಲೆ ಅಲ್ಲಿ ವಿಮಾನ ಕಟ್ಟುವುದನ್ನೇ ನಿಷೇಧಿಸಲಾಯಿತು. ಟ್ಯಾಂಕ್ 1947ರಲ್ಲಿ ಪೆಡ್ರೊ ಮ್ಯಾಥೀಸ್ ಎಂಬ ಸುಳ್ಳು ಹೆಸರಿನ ಕಾಗದಪತ್ರ ಹಿಡಿದು ಅರ್ಜೆಂಟೀನಾ ತಲುಪಿದರು. ಅಲ್ಲಿನ ಅಧ್ಯಕ್ಷ ಪೆರೊನ್ ಅವರ ಬೆಂಬಲದಿಂದ ಕಾರ್ಡೋಬಾ ನಗರದಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನ ಕಟ್ಟಿದರು. 1950ರಲ್ಲಿ ಅದು ಹಾರಿತು. ಅದರೊಳಗಿನ ನೀನ್ ಎಂಜಿನ್ ಬ್ರಿಟನ್ನಿನ ರೋಲ್ಸ್ ರಾಯ್ಸ್ ಕಂಪನಿಯದು. ಪರೀಕ್ಷೆಯ ಹಾರಾಟಗಳಲ್ಲಿ ಇಬ್ಬರು ಚಾಲಕರು ಪ್ರಾಣ ಕಳೆದುಕೊಂಡರು. 1955ರಲ್ಲಿ ಪೆರೊನ್ ಅಧಿಕಾರ ಕಳೆದುಕೊಂಡಾಗ ಕೆಲಸವೂ ನಿಂತಿತು. 58 ವರ್ಷದ ಟ್ಯಾಂಕ್ ಮತ್ತೆ ಗಂಟುಮೂಟೆ ಕಟ್ಟಿದರು. ಈ ಸಲ ಬಂದದ್ದು ನಮ್ಮ ಬೆಂಗಳೂರಿಗೆ.

ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುವಾದದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ಮೈಸೂರು ಸರ್ಕಾರ ಕೈಜೋಡಿಸಿತ್ತು. ಆಗಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಸ್ವಾತಂತ್ರ್ಯ ಬಂದ ಮೇಲೆ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ತಯಾರಾಗಿ 1951ರಲ್ಲಿ ಹಾರಿತ್ತು. ಅದು ಮುಂದೆ ಫ್ಯಾನ್ ತಿರುಗುವ ಪುಟ್ಟ ವಿಮಾನ. ಅಲ್ಲಿಂದ ಒಮ್ಮೆಲೇ ಶಬ್ದಕ್ಕಿಂತ ವೇಗದ ಜೆಟ್ ಯುದ್ಧವಿಮಾನಕ್ಕೆ ಜಿಗಿಯಬೇಕೆಂದು ಸರ್ಕಾರ ತೀರ್ಮಾನಿಸಿತು. 1956ರಲ್ಲಿ ಟ್ಯಾಂಕ್ ತಮ್ಮ ಜರ್ಮನ್ ಸಂಗಡಿಗರೊಂದಿಗೆ ಬಂದು ಭಾರತೀಯ ಎಂಜಿನಿಯರುಗಳ ಜೊತೆ ಕೆಲಸ ಆರಂಭಿಸಿದರು. ಸ್ವಲ್ಪ ಕಾಲದಲ್ಲೇ ರಾಮೇಶ್ವರದ ಯುವಕ ಅಬ್ದುಲ್ ಕಲಾಂ ಅದೇ ಕಾರ್ಖಾನೆಗೆ ತರಬೇತಿಗೆ ಬಂದರು. ಅವರು ಅಲ್ಲಿ ಕಲಿತದ್ದು ಎಂಜಿನ್ ಬಿಚ್ಚಿ ಜೋಡಿಸುವ ಕೆಲಸವನ್ನು ಎಂದು ಓದಿ ನನಗೆ ಖುಷಿಯಾಯಿತು.

ಟ್ಯಾಂಕ್ ಆತುರ ಮಾಡಲಿಲ್ಲ. ಮೊದಲು ಅದೇ ಅಳತೆಯ, ಅದೇ ಆಕಾರದ ಮರದ ಗ್ಲೈಡರ್ ಕಟ್ಟಿಸಿದರು. ಅದಕ್ಕೆ ಎಂಜಿನ್ ಇಲ್ಲ. 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗದಿಂದ ಕಟ್ಟಿ ಮೇಲಕ್ಕೆ ಒಯ್ದು ಬಿಟ್ಟರು. ಮರದ ಹಕ್ಕಿ ಚೆನ್ನಾಗಿ ತೇಲಿತು, ಹೇಳಿದಂತೆ ಕೇಳಿತು. ಆಕಾರ ಸರಿಯಾಗಿದೆ ಎಂದು ಖಚಿತವಾದ ಮೇಲೆ ಲೋಹದ ವಿಮಾನ ಕಟ್ಟಿದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಬೆಂಗಳೂರಿನ ಆಕಾಶದಲ್ಲಿ ಹಾರಿಸಿದರು. ಶುರುವಾದ ಐದೇ ವರ್ಷಕ್ಕೆ ಇದು ಸಾಧ್ಯವಾಗಿತ್ತು.

ಆದರೆ ಆ ದಿನ ಅದರೊಳಗೆ ಇದ್ದದ್ದು ಬೇಕಾಗಿದ್ದ ಎಂಜಿನ್ ಅಲ್ಲ. ಟ್ಯಾಂಕ್ ಲೆಕ್ಕ ಹಾಕಿದ್ದು ಬ್ರಿಟನ್ನಿನಲ್ಲಿ ತಯಾರಾಗುತ್ತಿದ್ದ ಆರ್ಫಿಯಸ್ 12 ಎಂಬ ಬಲಶಾಲಿ ಎಂಜಿನ್ ಮೇಲೆ. ಬ್ರಿಟನ್ನಿಗೆ ಅದರ ಅಗತ್ಯ ಮುಗಿದಾಗ, ಮುಂದಿನ ಖರ್ಚನ್ನು ಭಾರತ ಕೊಟ್ಟರೆ ಕೆಲಸ ಮುಂದುವರಿಸುತ್ತೇವೆ ಎಂಬ ಮಾತು ಬಂತು. ಭಾರತ ಒಪ್ಪಲಿಲ್ಲ. ಆ ಎಂಜಿನ್ ಅಲ್ಲಿಗೇ ನಿಂತಿತು. ಗ್ನಾಟ್ ವಿಮಾನದ ಎಂಜಿನ್ನಿನ ಜಾತಿಯದೇ ಆದ ಆರ್ಫಿಯಸ್ 703 ಎಂಬ ಚಿಕ್ಕ ಎಂಜಿನ್‌ಗಳನ್ನೇ ಎರಡು ಕೂರಿಸಿ ಹಾರಿಸಬೇಕಾಯಿತು. ಶಬ್ದದ ಎರಡರಷ್ಟು ವೇಗಕ್ಕೆಂದು ಯೋಚಿಸಿದ ದೇಹ ಶಬ್ದದ ವೇಗದ ಹೊಸ್ತಿಲಲ್ಲೇ ಏದುಸಿರು ಬಿಟ್ಟಿತು.

ಬದಲಿ ಎಂಜಿನ್‌ಗಾಗಿ ಹುಡುಕಾಟ ವರ್ಷಗಟ್ಟಲೆ ನಡೆಯಿತು. ಸೋವಿಯತ್ ಎಂಜಿನ್ ಪರಿಶೀಲಿಸಿದರು, ಹೊಂದಲಿಲ್ಲ. ಈಜಿಪ್ಟ್ ದೇಶ ಹೆಲ್ವಾನ್ ಎಂಬಲ್ಲಿ ಇ-300 ಎಂಬ ಎಂಜಿನ್ ಮಾಡುತ್ತಿತ್ತು. ಒಂದು ಮಾರುತ ವಿಮಾನವನ್ನು ಅಲ್ಲಿಗೇ ಕಳಿಸಿ, 1967ರಲ್ಲಿ ಆ ಎಂಜಿನ್ ಕೂರಿಸಿ ಹಾರಿಸಿ ನೋಡಿದರು. ಎರಡು ಹೊಸ ಸ್ವತಂತ್ರ ದೇಶಗಳು ಕೂಡಿ ಎಂಜಿನ್ ಮಾಡಬಹುದಿತ್ತು. ಈಜಿಪ್ಟಿನ ಯೋಜನೆ 1969ರಲ್ಲಿ ನಿಂತುಹೋಯಿತು, ಆ ದಾರಿಯೂ ಮುಚ್ಚಿತು. ಕೊನೆಗೆ ಇದ್ದ ಎಂಜಿನ್‌ಗೇ ಹಿಂದಿನಿಂದ ಹೆಚ್ಚುವರಿ ಇಂಧನ ಉರಿಸಿ ಬಲ ಕೂಡಿಸುವ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. 1970ರ ಜನವರಿ 10ರಂದು ಅಂಥ ಒಂದು ಮಾರುತ ಅಪಘಾತಕ್ಕೀಡಾಗಿ ಸುರಂಜನ್ ದಾಸ್ ಅವರೇ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆ ಇದೆ. ಅಲ್ಲಿ ಹಾದುಹೋಗುವ ಬಸ್ಸಿನ ಬೋರ್ಡಿನಲ್ಲಿ ಆ ಹೆಸರು ಕಂಡರೆ, ಅದು ಎಂಜಿನ್‌ಗಾಗಿ ಹೋದ ಜೀವ ಎಂದು ನೆನಪಿಸಿಕೊಳ್ಳಿ.

ಟ್ಯಾಂಕ್ 1967ರಲ್ಲೇ ಭಾರತ ಬಿಟ್ಟು ಜರ್ಮನಿಗೆ ಮರಳಿದ್ದರು. ಅದೇ ವರ್ಷ ಮಾರುತದ ಮೊದಲ ದಳ ವಾಯುಪಡೆ ಸೇರಿತ್ತು. ಒಟ್ಟು 147 ವಿಮಾನಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಅವು ಹಾರಿದವು. ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಲ್ಲಿ ಮರಳಿ ಬಂದದ್ದುಂಟು. ವೇಗ ಸಿಗದಿದ್ದರೂ ಅಶ್ವದಳದ ಕುದುರೆಯ ಗುಣ ಅದರಲ್ಲಿ ಉಳಿದಿತ್ತು. 1990ರ ಹೊತ್ತಿಗೆ ಮಾರುತಗಳು ನಿವೃತ್ತವಾದವು. ಅದಕ್ಕೂ ಮೊದಲೇ, 1983ರ ಜೂನ್ 5ರಂದು, ಕುರ್ಟ್ ಟ್ಯಾಂಕ್ ಮ್ಯೂನಿಕ್ ನಗರದಲ್ಲಿ ತೀರಿಕೊಂಡರು.

ಮಾರುತ ಹಾರಿದ 1961ರಲ್ಲೇ ಭಾರತದ ಮೊದಲ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ನೌಕಾಪಡೆ ಸೇರಿತ್ತು. ಅದರ ಮೇಲಿದ್ದ ಸೀ ಹಾಕ್ ಜೆಟ್‌ಗಳು ಬ್ರಿಟನ್ನಿನವು. ಅವುಗಳಲ್ಲಿದ್ದದ್ದೂ ಟ್ಯಾಂಕ್ ಅರ್ಜೆಂಟೀನಾದಲ್ಲಿ ಬಳಸಿದ ಅದೇ ನೀನ್ ಎಂಜಿನ್. 1971ರಲ್ಲಿ ಮಾರುತಗಳು ಪಶ್ಚಿಮದಲ್ಲಿ ಹಾರುತ್ತಿದ್ದಾಗ ಸೀ ಹಾಕ್‌ಗಳು ವಿಕ್ರಾಂತ್‌ನಿಂದ ಎದ್ದು ಬಂಗಾಳಕೊಲ್ಲಿಯ ಬಂದರುಗಳ ಮೇಲೆ ದಾಳಿ ಮಾಡಿದವು. ಬೆಂಗಳೂರಿನಲ್ಲಿ ರೂಪುಗೊಂಡ ಯುದ್ಧವಿಮಾನ ನಮ್ಮದೇ ನೌಕೆಯ ಮೇಲೆ ಇಳಿಯಲು ಇನ್ನೂ ಸುಮಾರು ಅರ್ಧ ಶತಮಾನ ಕಾಯಬೇಕಾಯಿತು. ನಾನು ಟಿವಿಯಲ್ಲಿ ಕಂಡದ್ದು ಅದನ್ನೇ. ವಿಕ್ರಮಾದಿತ್ಯ ನಮ್ಮ ಕಾರವಾರದ ನೆಲೆಯಲ್ಲಿ ತಂಗುವ ಹಡಗು.

ಹಡಗಿನ ಮೇಲೆ ಇಳಿಯುವುದು ಎಷ್ಟು ಕಷ್ಟ ಎಂಬುದನ್ನು ಪ್ರಥಮ ಪಿಯುಸಿಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಗಂಟೆಗೆ ಸುಮಾರು 240 ಕಿ.ಮೀ. ವೇಗದಲ್ಲಿ ಬರುವ ವಿಮಾನ, ಅಂದರೆ ಸೆಕೆಂಡಿಗೆ ಸುಮಾರು 67 ಮೀಟರ್, 90 ಮೀಟರಿನೊಳಗೆ ನಿಲ್ಲಬೇಕು ಎಂದುಕೊಳ್ಳಿ. ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 25 ಬರುತ್ತದೆ. ಇದು ಗುರುತ್ವ ವೇಗೋತ್ಕರ್ಷದ ಎರಡೂವರೆ ಪಟ್ಟು. ಎಲ್ಲ ಮುಗಿಯುವುದು ಮೂರು ಸೆಕೆಂಡಿನೊಳಗೆ. ವಿಮಾನದ ಬಾಲದ ಕೊಕ್ಕೆ ಡೆಕ್ಕಿನ ತಂತಿಯನ್ನು ಹಿಡಿಯಬೇಕು. ತಪ್ಪಿದರೆ ಮತ್ತೆ ಹಾರಿಹೋಗಲು ಎಂಜಿನ್ ಪೂರ್ತಿ ಬಲದಲ್ಲೇ ಇರಬೇಕು. ಹಡಗು ಅಲೆಯ ಮೇಲೆ ಏಳುತ್ತಾ ಬೀಳುತ್ತಾ ಇರುವುದರಿಂದ ಮೆಲ್ಲಗೆ ಇಳಿಸುವ ಮಾತೇ ಇಲ್ಲ, ಕುಕ್ಕಿದಂತೆ ಇಳಿಸಬೇಕು. ಹಾಗಾಗಿ ಕಾಲುಗಳು ಬಹಳ ಗಟ್ಟಿಯಾಗಿರಬೇಕು. ಟ್ಯಾಂಕ್ ಹೇಳಿದ ಅಶ್ವದಳದ ಕುದುರೆ ಹಡಗಿನ ಮೇಲೆ ಇನ್ನಷ್ಟು ಬೇಕು.

ನೌಕಾ ತೇಜಸ್ ಇದನ್ನೆಲ್ಲ ಕಲಿತ ವಿಮಾನ. 2012ರ ಏಪ್ರಿಲ್ 27ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. 2014ರ ಡಿಸೆಂಬರ್‌ನಲ್ಲಿ ಗೋವಾದ ಐಎನ್‌ಎಸ್ ಹಂಸ ನೆಲೆಯಲ್ಲಿ, ಹಡಗಿನ ಮೂತಿಯಂತೆ ಮೇಲಕ್ಕೆ ಬಾಗಿದ ಇಳಿಜಾರಿನಿಂದ ಜಿಗಿಯಿತು. 2019ರ ಸೆಪ್ಟೆಂಬರ್ 13ರಂದು ಅಲ್ಲೇ ನೆಲದ ಮೇಲೆ ತಂತಿ ಹಿಡಿದು ನಿಂತಿತು. ಆಮೇಲೆ ಕಮೋಡೋರ್ ಜೈದೀಪ್ ಮಾವ್ಲಂಕರ್ ಅದನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದರು. 2023ರ ಫೆಬ್ರುವರಿಯಲ್ಲಿ ದೇಶದಲ್ಲೇ ಕಟ್ಟಿದ ಹೊಸ ವಿಕ್ರಾಂತ್ ಮೇಲೂ ಇಳಿಯಿತು.

ಇಷ್ಟಾದರೂ ನೌಕಾಪಡೆ ಅದನ್ನು ಯುದ್ಧಕ್ಕೆಂದು ತೆಗೆದುಕೊಳ್ಳಲಿಲ್ಲ. ಕಾಲು, ಕೊಕ್ಕೆ, ಚೌಕಟ್ಟು ಗಟ್ಟಿ ಮಾಡಿದಷ್ಟೂ ತೂಕ ಏರಿತು. ಇದ್ದದ್ದು ಅಮೆರಿಕದ ಒಂದೇ ಎಫ್404 ಎಂಜಿನ್. ಡೆಕ್ಕಿನ ಚಿಕ್ಕ ಓಟದಿಂದ ಪೂರ್ತಿ ಇಂಧನ, ಪೂರ್ತಿ ಶಸ್ತ್ರ ಹೊತ್ತು ಏಳಲು ಆ ಬಲ ಸಾಲದು ಎಂದು 2016ರಲ್ಲೇ ನೌಕಾಪಡೆ ಹೇಳಿತ್ತು. ಬೆಂಗಳೂರಿನ ಸಂಶೋಧನಾಲಯದಲ್ಲಿ ತೇಜಸ್‌ಗೆಂದೇ ಆರಂಭವಾದ ಕಾವೇರಿ ಎಂಜಿನ್ ಬೇಕಾದ ಬಲ ಮುಟ್ಟಲಿಲ್ಲ. 2025ರ ಏಪ್ರಿಲ್‌ನಲ್ಲಿ ಫ್ರಾನ್ಸ್‌ನಿಂದ 26 ನೌಕಾ ರಫೇಲ್ ಕೊಳ್ಳುವ ಒಪ್ಪಂದವಾಯಿತು. ಹಡಗಿಗೆಂದೇ ಎರಡು ಎಂಜಿನ್‌ಗಳ ಹೊಸ ವಿಮಾನದ ಯೋಜನೆ ಬೆಂಗಳೂರಿನಲ್ಲಿ ನಡೆದಿದೆ. ನೌಕಾ ತೇಜಸ್ ಕಲಿಸಿದ ಪಾಠಗಳು ಅದಕ್ಕೆ ಬುನಾದಿ. ಅದಕ್ಕೂ ಯೋಚಿಸಿರುವುದು ಹೊರಗಿನ ಎಂಜಿನ್ನೇ.

ಎಂಜಿನ್ ಯಾಕೆ ಇಷ್ಟು ಕಷ್ಟ? ಜೆಟ್ ಎಂಜಿನ್‌ನ ಒಳಗೆ ಉರಿಯುವ ಅನಿಲದ ಬಿಸಿ, ಅದರಲ್ಲಿ ತಿರುಗುವ ಲೋಹದ ಅಲಗುಗಳು ಕರಗುವ ಬಿಸಿಗಿಂತ ಹೆಚ್ಚು. ಕರಗದಂತೆ ಆ ಅಲಗುಗಳ ಒಳಗೆ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಹಾಯಿಸುತ್ತಾರೆ. ಇಡೀ ಅಲಗನ್ನು ಒಂದೇ ಹರಳಾಗಿ ಎರಕ ಹೊಯ್ಯುತ್ತಾರೆ. ಈ ವಿದ್ಯೆ ಬೆರಳೆಣಿಕೆಯ ದೇಶಗಳ ಕೈಯಲ್ಲಿದೆ, ಯಾರೂ ಸುಲಭವಾಗಿ ಹೇಳಿಕೊಡುವುದಿಲ್ಲ. ವಿಮಾನದ ಆಕಾರವನ್ನು ಐದು ವರ್ಷದಲ್ಲಿ ಕಟ್ಟಬಹುದು ಎಂದು ಟ್ಯಾಂಕ್ ಬೆಂಗಳೂರಿನಲ್ಲಿ ತೋರಿಸಿದರು. ಎಂಜಿನ್‌ಗೆ ಒಂದು ತಲೆಮಾರಿನ ತಾಳ್ಮೆ ಬೇಕು.

ಈಗ ನನ್ನ ಮನೆಯ ಮಾತು. ಸಾದಲಿಯ ಸುತ್ತ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಒಂದು ಬೇಸಿಗೆಯಲ್ಲಿ ಅಬ್ಬಾ ಹೊಸ ಪೈಪು, ಹೊಸ ಕೇಬಲ್ಲು ಎಲ್ಲ ಹಾಕಿಸಿ, ದುಡ್ಡು ಸಾಲದೆ ಕಡಿಮೆ ಹಾರ್ಸ್‌ಪವರಿನ ಹಳೆ ಮೋಟಾರನ್ನೇ ಇಳಿಸಿದರು. ನೀರು ಕೆಳಗಿತ್ತು, ಮೇಲೆ ಬರಲಿಲ್ಲ. ಹಿಪ್ಪುನೇರಳೆ ಬಾಡಿತು, ಆ ಬೆಳೆಯ ರೇಷ್ಮೆಹುಳುಗಳಿಗೆ ಸೊಪ್ಪು ಸಾಲದೆ ನಷ್ಟವಾಯಿತು. ಸಾಲ ತೀರಿಸಲು ಅಣ್ಣ ಎಸ್‌ಎಸ್‌ಎಲ್‌ಸಿಗೇ ಓದು ಬಿಟ್ಟು ಮೋಟಾರು ವೈಂಡಿಂಗ್ ಕಲಿಯಲು ಕುಳಿತ. ನಾನು ಕಾಲೇಜಿಗೆ ಸೇರಿದ ಹೊಸದರಲ್ಲಿ ಅಣ್ಣ ಏನು ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅಂಗಡಿ ಇದೆ ಎಂದಷ್ಟೇ ಹೇಳುತ್ತಿದ್ದೆ. ಎಣ್ಣೆ, ಮಸಿ ಹತ್ತಿದ ಅವನ ಕೈ ನೆನೆದು ನನಗೆ ನಾಚಿಕೆಯಾಗುತ್ತಿತ್ತು.

ಟ್ಯಾಂಕ್ ಅವರ ಬದುಕನ್ನು ಓದಿದ ಮೇಲೆ ಒಂದು ಭಾನುವಾರ ಅವನ ಅಂಗಡಿಯಲ್ಲಿ ಕುಳಿತೆ. ಸುಟ್ಟ ಮೋಟಾರಿನ ತಾಮ್ರದ ತಂತಿಯನ್ನು ಬಿಚ್ಚಿ, ಒಂದೊಂದು ಸುತ್ತನ್ನೂ ಎಣಿಸಿ, ಹಳೆ ನೋಟ್‌ಬುಕ್‌ನಲ್ಲಿ ಬರೆದುಕೊಂಡು ಅವನು ಮತ್ತೆ ಸುತ್ತುತ್ತಿದ್ದ. ಎಣಿಕೆ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಆರು ವರ್ಷ ತಡವಾಗಿ ಅವನ ಪ್ರಶ್ನೆಗೆ ಉತ್ತರ ಹೇಳಿದೆ. ಆ ವಿಮಾನದ ಎಂಜಿನ್ ಅಮೆರಿಕದ್ದು ಎಂದೆ. ಅವನು ತಲೆಯಾಡಿಸಿ, ಎಣಿಕೆ ತಪ್ಪದಂತೆ ಬೆರಳನ್ನು ಸುತ್ತಿನ ಮೇಲೆ ಇಟ್ಟುಕೊಂಡೇ, ಪಕ್ಕದ ಸ್ಪ್ಯಾನರ್ ಕೊಡು ಎಂದು ಕೈ ಚಾಚಿದ.

ಗೆಳೆಯರೇ, ದ್ವಿತೀಯ ಪಿಯುಸಿ ಮುಗಿದ ಮೇಲೆ ಯಾವ ಕೋರ್ಸ್ ಎಂದು ನಾವೆಲ್ಲ ತಲೆ ಕೆಡಿಸಿಕೊಂಡಿದ್ದೇವೆ. ನಾನು ಅರ್ಜಿಯಲ್ಲಿ ಲೋಹಶಾಸ್ತ್ರ ಎಂದು ಬರೆಯಬೇಕೆಂದಿದ್ದೇನೆ. ಸೀಟು ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಸಿಗದಿದ್ದರೆ ಡಿಪ್ಲೊಮಾ ಇದೆ, ಐಟಿಐ ಇದೆ, ಅಣ್ಣನ ಅಂಗಡಿಯೂ ಇದೆ. ಈಗ ಯಾರಾದರೂ ಅಣ್ಣ ಏನು ಮಾಡುತ್ತಾನೆ ಎಂದು ಕೇಳಿದರೆ, ಮೋಟಾರು ಕಟ್ಟುತ್ತಾನೆ ಎಂದು ಹೇಳುತ್ತೇನೆ.